ಪೊಲೀಸರ ವಿರುದ್ಧ ಹಾಡಿದವನ ಪೊಲೀಸ್ ಪಾತ್ರ: ಮಂಡ್ಯದ ಓದುಗರೊಬ್ಬರಿಗೆ ಸಂಪಾದಕರ ಉತ್ತರ

ಮಾನ್ಯರೇ,

ಅಮೆರಿಕದ ರ‍್ಯಾಪ್ ಗಾಯಕ ಹಾಗೂ ನಟ ಐಸ್-ಟಿ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನವನ್ನು ಓದಿ ತಾವು ಮಂಡ್ಯದಿಂದ ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಅದನ್ನು ಇಡಿಯಾಗಿ ಅಚ್ಚು ಮಾಡಲು ಜಾಗ ಸಾಲದಾದ್ದರಿಂದ ಉಳಿದ ಓದುಗರಿಗಾಗಿ ಅದರ ತಿರುಳನ್ನಷ್ಟೇ ಇಲ್ಲಿ ಹೇಳುತ್ತೇನೆ. ಪೊಲೀಸ್ ಇಲಾಖೆಯಲ್ಲಿ ಮೂವತ್ನಾಲ್ಕು ವರ್ಷ ದುಡಿದು ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದ ತಾವು, 1991ರ ಡಿಸೆಂಬರಿನ ಕಾವೇರಿ ಗಲಭೆಯ ಬಂದೋಬಸ್ತಿನಲ್ಲಿ ಕಲ್ಲೇಟು ತಿಂದವರು, ಅದರ ಗುರುತನ್ನು ಹಣೆಯ ಮೇಲೆ ಇಂದಿಗೂ ಹೊತ್ತವರು. ಪೊಲೀಸರನ್ನು ಕೊಲ್ಲುವ ಹಾಡು ಕಟ್ಟಿ ಹೆಸರು ಮಾಡಿದವನೊಬ್ಬ ಆಮೇಲೆ ಅದೇ ಪೊಲೀಸರ ವೇಷ ತೊಟ್ಟು ಇಪ್ಪತ್ತೈದು ವರ್ಷ ಸಂಪಾದನೆ ಮಾಡಿದರೆ, ಅದಕ್ಕೆ 'ಪರಿವರ್ತನೆ' ಎಂದು ತಲೆಬರಹ ಕೊಟ್ಟು ಮೆರೆಸುವುದು ನ್ಯಾಯವೇ ಎಂದು ಕೇಳಿದ್ದೀರಿ. ಪಿಯುಸಿ ಓದುತ್ತಿರುವ ಮೊಮ್ಮಗ ಈಚೆಗೆ ರ‍್ಯಾಪ್ ಬರೆಯತೊಡಗಿದ್ದಾನೆಂದೂ ಅವನ ನೋಟ್‌ಬುಕ್ಕಿನಲ್ಲಿ ಪೊಲೀಸರನ್ನು ಬೈದ ಎರಡು ಸಾಲು ಕಣ್ಣಿಗೆ ಬಿದ್ದ ದಿನ ತಮಗೆ ಊಟ ಸೇರಲಿಲ್ಲವೆಂದೂ ಕೊನೆಯ ಪುಟದಲ್ಲಿ ಬರೆದಿದ್ದೀರಿ.

ಮೊದಲು ನಮ್ಮ ತಪ್ಪನ್ನು ಒಪ್ಪಿಕೊಳ್ಳುತ್ತೇನೆ. 'ಪರಿವರ್ತನೆ' ಎಂಬ ತಲೆಬರಹ ಲೇಖಕರದಲ್ಲ, ನಾನು ಕೊಟ್ಟದ್ದು, ಮತ್ತು ಅದು ತಪ್ಪು. ಕೆಟ್ಟ ಹಾದಿಯಲ್ಲಿದ್ದವನು ತಿದ್ದಿಕೊಂಡು ಒಳ್ಳೆಯವನಾದ ಎಂಬ ಕಥೆ ಓದುವುದಕ್ಕೆ ಹಿತವಾಗಿರುತ್ತದೆ, ಆದರೆ ಈ ಮನುಷ್ಯನ ವಿಷಯದಲ್ಲಿ ಅದು ನಿಜವಲ್ಲ. ಐಸ್-ಟಿ 'ಕಾಪ್ ಕಿಲ್ಲರ್' (ಪೊಲೀಸರ ಕೊಲೆಗಾರ) ಎಂಬ ಆ ಹಾಡನ್ನು ಆಲ್ಬಮ್‌ನಿಂದ ತೆಗೆದನೇ ಹೊರತು ತನ್ನದಲ್ಲವೆಂದು ತಳ್ಳಿಹಾಕಲಿಲ್ಲ. ಟಿವಿಯಲ್ಲಿ ಪತ್ತೇದಾರನಾಗಿ ಕಾಣಿಸಿಕೊಳ್ಳುತ್ತಿದ್ದ ವರ್ಷಗಳಲ್ಲೂ ಆತನ ತಂಡ ಅದನ್ನು ವೇದಿಕೆಯ ಮೇಲೆ ನುಡಿಸಿದೆ. ಇದನ್ನು ತಿಳಿದರೆ ತಮ್ಮ ಸಿಟ್ಟು ಹೆಚ್ಚಬಹುದೆಂಬುದನ್ನು ಬಲ್ಲೆ. ಹಾಗೆಂದು ಮುಚ್ಚಿಡಲಾಗದು. ಆ ಹಾಡನ್ನು ಅಮೆರಿಕದ ಸರ್ಕಾರ ನಿಷೇಧಿಸಿತು ಎಂದು ನಮ್ಮ ಲೇಖನ ಹೇಳಿದ್ದೂ ತಪ್ಪು. ಯಾವ ಸರ್ಕಾರವೂ ಅದನ್ನು ನಿಷೇಧಿಸಲಿಲ್ಲ.

ಇನ್ನು ತಮ್ಮ ಆಕ್ಷೇಪಕ್ಕೆ ಬರುತ್ತೇನೆ. ಮೊದಲು ಬೈದ, ಹೆಸರು ಬಂದ ಮೇಲೆ ವೇಷ ಹಾಕಿದ ಎಂದು ತಾವು ಬರೆದಿದ್ದೀರಿ. ಆದರೆ ಇಸವಿಗಳನ್ನು ಸಾಲಾಗಿಟ್ಟು ನೋಡಿದರೆ ಆ ಕ್ರಮ ನಿಲ್ಲುವುದಿಲ್ಲ. ಟ್ರೇಸಿ ಮಾರೋ ಎಂಬ ಈತ 1958ರಲ್ಲಿ ನ್ಯೂಜೆರ್ಸಿಯ ನ್ಯೂವರ್ಕ್ ನಗರದಲ್ಲಿ ಹುಟ್ಟಿ (ಇದು ಹೆಸರಾಂತ ನ್ಯೂಯಾರ್ಕ್ ಅಲ್ಲ, ಅದರ ನೆರೆಯ ರಾಜ್ಯದ ಊರು), ಹದಿಹರೆಯಕ್ಕೆ ಕಾಲಿಡುವಷ್ಟರಲ್ಲಿ ತಾಯಿಯನ್ನೂ ತಂದೆಯನ್ನೂ ಕಳೆದುಕೊಂಡು, ಲಾಸ್ ಏಂಜಲೀಸಿನ ಬಂಧುಗಳ ಮನೆಯಲ್ಲಿ ಬೆಳೆದವನು. ಕೆಲ ಕಾಲ ಸೈನ್ಯದಲ್ಲಿದ್ದ. ಹೊರಬಂದ ಮೇಲೆ ಕಳ್ಳತನದ ದಾರಿ ಹಿಡಿದಿದ್ದನ್ನು ಆತನೇ ಬಹಿರಂಗವಾಗಿ ಹೇಳಿಕೊಂಡಿದ್ದಾನೆ. 1987ರಲ್ಲಿ ಮೊದಲ ಆಲ್ಬಮ್ ಬಂತು. 1991ರ ಮಾರ್ಚ್‌ನಲ್ಲಿ ತೆರೆಕಂಡ 'ನ್ಯೂ ಜ್ಯಾಕ್ ಸಿಟಿ' ಚಿತ್ರದಲ್ಲಿ ಮಾದಕವಸ್ತು ಜಾಲದ ಬೆನ್ನು ಹತ್ತುವ ಪೊಲೀಸ್ ಪತ್ತೇದಾರನ ಪಾತ್ರವನ್ನು ಆತ ಮಾಡಿದ. ತಮ್ಮನ್ನು ನೋಯಿಸಿದ 'ಕಾಪ್ ಕಿಲ್ಲರ್' ಹಾಡಿರುವ ಆಲ್ಬಮ್ ಮಾರುಕಟ್ಟೆಗೆ ಬಂದದ್ದು ಅದಾದ ಒಂದು ವರ್ಷಕ್ಕೆ, 1992ರ ಮಾರ್ಚ್‌ನಲ್ಲಿ. ಎಂದರೆ ದೇಶವೆಲ್ಲ ಆತನನ್ನು ಪೊಲೀಸರ ವೈರಿಯೆಂದು ಕರೆಯುವ ಮೊದಲೇ ಆತ ಪರದೆಯ ಮೇಲೆ ಪೊಲೀಸನಾಗಿದ್ದ. ಪಾತ್ರ ಮತ್ತು ಹಾಡು ಎರಡೂ ಒಂದೇ ಕಾಲದಲ್ಲಿ, ಒಬ್ಬನೇ ಮನುಷ್ಯನಿಂದ ಬಂದವು. ಇದು ಪಶ್ಚಾತ್ತಾಪವೂ ಅಲ್ಲ, ಗಾಳಿ ಬಂದಾಗ ತೂರಿಕೊಂಡದ್ದೂ ಅಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಆ ಹಾಡು ಹುಟ್ಟಿದ ಊರಿನ ಸಂಗತಿಯನ್ನೂ ಹೇಳಬೇಕು. 1991ರ ಮಾರ್ಚ್ 3ರಂದು ಲಾಸ್ ಏಂಜಲೀಸಿನಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ವರ್ಣೀಯನನ್ನು ಪೊಲೀಸರು ನೆಲಕ್ಕೆ ಕೆಡವಿ ಲಾಠಿಯಿಂದ ಹೊಡೆದದ್ದನ್ನು ಎದುರು ಮನೆಯ ನಿವಾಸಿಯೊಬ್ಬರು ವಿಡಿಯೊ ಚಿತ್ರೀಕರಿಸಿದ್ದರು. ಆ ಬಳಿಕ ನೇಮಕವಾದ ಕ್ರಿಸ್ಟೋಫರ್ ಆಯೋಗವು, ಇಲಾಖೆಯ ಒಂದು ಗಣನೀಯ ಗುಂಪು ಪದೇ ಪದೇ ಮಿತಿಮೀರಿದ ಬಲವನ್ನು ಪ್ರಯೋಗಿಸುತ್ತಿತ್ತೆಂದೂ ಮೇಲಧಿಕಾರಿಗಳು ಅದನ್ನು ತಡೆಯಲಿಲ್ಲವೆಂದೂ ವರದಿ ಕೊಟ್ಟಿತು. ಹಾಗಿದ್ದೂ 1992ರ ಏಪ್ರಿಲ್ 29ರಂದು ಮೊಕದ್ದಮೆ ಎದುರಿಸಿದ ನಾಲ್ವರು ಪೊಲೀಸರು ಬಹುತೇಕ ಎಲ್ಲ ಆರೋಪಗಳಿಂದ ಬಿಡುಗಡೆಯಾದಾಗ ನಗರಕ್ಕೆ ಬೆಂಕಿ ಬಿತ್ತು; 60ಕ್ಕೂ ಹೆಚ್ಚು ಜನ ಸತ್ತರು. ಹಾಡು ಆ ತೀರ್ಪಿಗಿಂತ ಹಿಂದಿನದು, 1991ರ ಪ್ರವಾಸದಲ್ಲೇ ತಂಡ ಅದನ್ನು ಹಾಡುತ್ತಿತ್ತು. ಆದರೆ ಗಲಭೆಯ ನಂತರ ಅದನ್ನು ಕೇಳಿದ ಕಿವಿಗಳೇ ಬೇರೆಯಾದವು.

ಜೂನ್ ತಿಂಗಳಲ್ಲಿ ಟೆಕ್ಸಾಸ್‌ನ ಪೊಲೀಸ್ ಸಂಘಟನೆಯೊಂದು, ಹಾಡನ್ನು ಹೊರತಂದ ಟೈಮ್ ವಾರ್ನರ್ ಕಂಪನಿಯ ಎಲ್ಲ ಉತ್ಪನ್ನಗಳನ್ನೂ ಬಹಿಷ್ಕರಿಸಲು ಕರೆ ಕೊಟ್ಟಿತು. ಅಧ್ಯಕ್ಷ ಜಾರ್ಜ್ ಬುಷ್ ಮತ್ತು ಉಪಾಧ್ಯಕ್ಷ ಡ್ಯಾನ್ ಕ್ವೇಲ್ ಖಂಡಿಸಿದರು. ಅಂಗಡಿಗಳು ಆಲ್ಬಮ್ ಅನ್ನು ಕಪಾಟಿನಿಂದ ಇಳಿಸಿದವು. ಜುಲೈನಲ್ಲಿ ಕಂಪನಿಯ ಷೇರುದಾರರ ಸಭೆಗೆ ಬಂದ ಹಿರಿಯ ನಟ ಚಾರ್ಲ್ಟನ್ ಹೆಸ್ಟನ್ ಎದ್ದು ನಿಂತು ಹಾಡಿನ ಸಾಲುಗಳನ್ನು ಒಂದೊಂದಾಗಿ ಓದಿದಾಗ ಸಭೆ ಸ್ತಬ್ಧವಾಯಿತೆಂದು ವರದಿಗಳಿವೆ. ಕಂಪನಿಯ ನೌಕರರಿಗೆ ಕೊಲೆ ಬೆದರಿಕೆಗಳು ಬರತೊಡಗಿದವು. ಜುಲೈ 28ರಂದು ಐಸ್-ಟಿ ಪತ್ರಿಕಾಗೋಷ್ಠಿ ಕರೆದು, ಹಾಡನ್ನು ತಾನಾಗಿ ಹಿಂತೆಗೆದುಕೊಳ್ಳುತ್ತಿರುವುದಾಗಿ ಹೇಳಿದ. ಆ ಹಾಡಿಲ್ಲದೆ ಆಲ್ಬಮ್ ಮರುಮುದ್ರಣವಾಯಿತು. ಮರುವರ್ಷದ ಆರಂಭದಲ್ಲಿ ಆತನೂ ಕಂಪನಿಯೂ ಬೇರೆಯಾದರು. ಅಂದಹಾಗೆ, ಇಷ್ಟೆಲ್ಲ ಗದ್ದಲದಲ್ಲಿ ರ‍್ಯಾಪ್ ಎಂದು ಎಲ್ಲರಿಂದ ಬೈಸಿಕೊಂಡ ಆ ಹಾಡು ರ‍್ಯಾಪ್ ಅಲ್ಲವೇ ಅಲ್ಲ. ಅದು ಆತನ 'ಬಾಡಿ ಕೌಂಟ್' ಎಂಬ ಹೆವಿ ಮೆಟಲ್ ತಂಡದ್ದು, ಗಿಟಾರಿನ ಅಬ್ಬರದ್ದು. ಹಾಡಿದವನ ಹೆಸರು ಮತ್ತು ಮೈಬಣ್ಣ ನೋಡಿಯೇ ಅದಕ್ಕೆ ರ‍್ಯಾಪ್ ಎಂಬ ಚೀಟಿ ಅಂಟಿಸಲಾಯಿತು ಎಂದು ಆತ ಅಂದೇ ದೂರಿದ್ದ, ಆ ದೂರಿನಲ್ಲಿ ಹುರುಳಿದೆ.

ತಾವು ಪೊಲೀಸರಾಗಿದ್ದವರಾದ್ದರಿಂದ ಇನ್ನೊಂದು ಸಂಗತಿಯನ್ನು ವಿಶೇಷವಾಗಿ ತಿಳಿಸಬಯಸುತ್ತೇನೆ. ಅಂದು ಅಮೆರಿಕದ ಪೊಲೀಸರೆಲ್ಲರೂ ಒಂದೇ ದನಿಯಲ್ಲಿ ಮಾತನಾಡಲಿಲ್ಲ. ಕಪ್ಪು ವರ್ಣೀಯ ಪೊಲೀಸರ ರಾಷ್ಟ್ರೀಯ ಸಂಘವು ಬಹಿಷ್ಕಾರಕ್ಕೆ ಸೇರಲು ಒಪ್ಪದೆ, ಹಾಡಿನಲ್ಲಿರುವ ಸಿಟ್ಟು ಗಾಯಕ ಸೃಷ್ಟಿಸಿದ್ದಲ್ಲ, ಬೀದಿಯಲ್ಲಿ ಇದ್ದದ್ದೇ ಎಂಬ ನಿಲುವು ತಳೆಯಿತು. ಅವರೂ ಸಮವಸ್ತ್ರ ತೊಟ್ಟವರೇ, ಗುಂಡಿಗೆ ಎದೆಯೊಡ್ಡಿದವರೇ.

ಹಾಡಿನಲ್ಲಿ 'ನಾನು' ಎನ್ನುವವನು ಪೊಲೀಸ್ ದೌರ್ಜನ್ಯದಿಂದ ರೋಸಿಹೋದ ಒಂದು ಪಾತ್ರವೇ ಹೊರತು ತಾನಲ್ಲ, ತಾನು ಯಾವ ಪೊಲೀಸನನ್ನೂ ಕೊಂದವನಲ್ಲ ಎಂಬುದು ಐಸ್-ಟಿಯ ಸಮರ್ಥನೆ. ಇದು ಬರಿಯ ನೆವವೆಂದು ತಾವು ಬರೆದಿದ್ದೀರಿ. ನಮ್ಮ ಮಂಡ್ಯ ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಆಡುವುದನ್ನು ತಾವು ನನಗಿಂತ ಹೆಚ್ಚು ಕಂಡವರು, ಎಷ್ಟೋ ರಾತ್ರಿ ಅದೇ ಬಂದೋಬಸ್ತಿಗೆ ನಿಂತವರು. ಅಲ್ಲಿ ದುರ್ಯೋಧನನ ಪಾತ್ರಕ್ಕೆ ಪೈಪೋಟಿ ನಡೆಯುತ್ತದೆ, ಪಾತ್ರಕ್ಕೆ ಹೆಚ್ಚು ಹಣ ತೆತ್ತು, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಕಂದಪದ್ಯ ಕಲಿತು, ಗದೆ ಹೊತ್ತು ರಂಗಕ್ಕೆ ಬಂದವನಿಗೆ ಊರವರು ನೋಟಿನ ಹಾರ ಹಾಕುತ್ತಾರೆ. ಮಾರನೆಯ ಬೆಳಿಗ್ಗೆ ಆತ ಗದ್ದೆಗೆ ನೀರು ಕಟ್ಟಲು ಹೋದಾಗ, ದ್ರೌಪದಿಯ ಸೀರೆ ಎಳೆಸಿದವನು ಎಂದು ಯಾರೂ ಮುಖ ತಿರುಗಿಸುವುದಿಲ್ಲ. ಆಡಿದ ಮಾತು ಬೇರೆ, ಆಡಿದವನು ಬೇರೆ ಎಂಬ ತಿಳಿವಳಿಕೆ ನಮಗೆ ಹೊಸದಲ್ಲ.

ಆದರೂ ಈ ಹೋಲಿಕೆ ಒಂದು ಹಂತದವರೆಗೆ ಮಾತ್ರ ಬರುತ್ತದೆ, ಅಲ್ಲಿಂದಾಚೆಗೆ ತಮ್ಮ ಮಾತೇ ಸರಿ. ದುರ್ಯೋಧನನಿಗೆ ಕಿರೀಟವಿದೆ, ಪರದೆಯಿದೆ, ಬೆಳಗಿನ ಜಾವಕ್ಕೆ ತೊಡೆ ಮುರಿದು ಬೀಳುವ ಕೊನೆಯಿದೆ. ಐಸ್-ಟಿ ಬಣ್ಣ ಹಚ್ಚದೆ, ತನ್ನದೇ ಮುಖದಲ್ಲಿ ನಿಂತು 'ನಾನು' ಎಂದ. ಲಾಸ್ ಏಂಜಲೀಸಿನ ಅಂದಿನ ಪೊಲೀಸ್ ಮುಖ್ಯಸ್ಥ ಡ್ಯಾರಿಲ್ ಗೇಟ್ಸ್ ಅವರ ಹೆಸರನ್ನೂ ಹಾಡಿನೊಳಕ್ಕೆ ತಂದ. ಆ ಹಾಡಿನ ಪಾತ್ರ ಎಲ್ಲಿಯೂ ಸೋಲುವುದಿಲ್ಲ, ತಾನು ಮಾಡಹೊರಟ ಕೃತ್ಯದ ಎದುರು ಒಂದು ಗಳಿಗೆಯೂ ನಿಲ್ಲುವುದಿಲ್ಲ. ಗಂಡನ ಶವ ಕಂಡ ಪೊಲೀಸನ ಹೆಂಡತಿಯೊಬ್ಬಳು ಅದನ್ನು ಕೇಳಿದರೆ, ಇದು ಪಾತ್ರ ಎಂಬ ವಿವರಣೆ ಆಕೆಗೆ ಏನೂ ಕೊಡದು. ಕಲೆಯಾಗಿ ನೋಡಿದರೂ ಅದು ದುರ್ಬಲ ಹಾಡು ಎಂಬುದು ನನ್ನ ಅಭಿಪ್ರಾಯ. ಅದನ್ನು ಹಾಡುವ ಹಕ್ಕು ಆತನಿಗಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಒಳ್ಳೆಯ ಹಾಡು ಎಂದು ಹೇಳಲು ಮಾತ್ರ ಬಾಯಿ ಬರುವುದಿಲ್ಲ.

ಹಾಡು ಕೇಳಿ ಹುಡುಗರು ಕೊಲೆಗಿಳಿಯುತ್ತಾರೆಂಬ ತಮ್ಮ ಭಯವನ್ನೂ ಆಗಲೇ ಒಂದು ಮೊಕದ್ದಮೆ ಒರೆಗೆ ಹಚ್ಚಿತ್ತು. 1992ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನಲ್ಲಿ ಹೆದ್ದಾರಿ ಗಸ್ತಿನ ಪೊಲೀಸ್ ಒಬ್ಬರನ್ನು ಗುಂಡಿಟ್ಟು ಕೊಂದ ಯುವಕನ ಪರ ವಕೀಲರು, ಆತ ಕಾರಿನಲ್ಲಿ ಕೇಳುತ್ತಿದ್ದ ರ‍್ಯಾಪ್ ಗಾಯಕ ಟುಪಾಕ್ ಶಕೂರ್‌ನ ಆಲ್ಬಮ್ ಅವನನ್ನು ಕೆರಳಿಸಿತೆಂದು ವಾದಿಸಿದರು. ಆ ವಾದ ಅವನನ್ನು ಉಳಿಸಲಿಲ್ಲ. ಮರಣದಂಡನೆ ವಿಧಿಸಲಾಯಿತು, 2005ರಲ್ಲಿ ಜಾರಿಯಾಯಿತು. ಬಂದೂಕು ಎತ್ತಿದವನ ಹೊಣೆಯನ್ನು ನ್ಯಾಯಾಲಯ ಹಾಡಿನ ಹೆಗಲಿಗೆ ದಾಟಿಸಲಿಲ್ಲ. ಹಾಗೆ ದಾಟಿಸಿದ್ದರೆ ಸತ್ತ ಪೊಲೀಸನಿಗೇ ಅನ್ಯಾಯವಾಗುತ್ತಿತ್ತು.

ನಟನೆಯ ವಿಚಾರ. 'ನ್ಯೂ ಜ್ಯಾಕ್ ಸಿಟಿ'ಯ ನಂತರ ಆತ ಹಲವು ಚಿತ್ರಗಳಲ್ಲಿ ಕಾಣಿಸಿಕೊಂಡ, ಅವುಗಳಲ್ಲಿ ನೆನಪಿಡುವಂಥವು ಕಡಿಮೆ. ನಿರ್ಮಾಪಕ ಡಿಕ್ ವುಲ್ಫ್ 2000ದಲ್ಲಿ 'ಲಾ ಆ್ಯಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯೂನಿಟ್' ಧಾರಾವಾಹಿಯ ಎರಡನೇ ವರ್ಷಕ್ಕೆ ಕರೆದಾಗ, ನಾಲ್ಕೇ ಕಂತುಗಳಿಗೆಂದು ಬಂದೆ ಎಂದು ಆತ ಹೇಳಿಕೊಂಡಿದ್ದಾನೆ. ಹೆಂಗಸರ ಮತ್ತು ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತನಿಖೆ ಮಾಡುವ ತಂಡದಲ್ಲಿ ಫಿನ್ ಟುಟುವೋಲಾ ಎಂಬ ಪತ್ತೇದಾರ ಆತ, ಈಗ ಸಾರ್ಜೆಂಟ್. ಪೊಲೀಸ್ ಕೆಲಸದ ದಣಿವು, ಕಡತಗಳ ಬೇಸರ, ಬಲಿಪಶುವಿನ ಮನೆಯ ಬಾಗಿಲು ತಟ್ಟುವಾಗಿನ ಸಂಕಟ ಇವನ್ನೆಲ್ಲ ಆತ ಗಟ್ಟಿಯಾಗಿ ಮಾತನಾಡದೆ, ಹುಬ್ಬು ಕೂಡ ಎತ್ತದೆ ಅಭಿನಯಿಸುತ್ತಾನೆ. ಬೀದಿಯನ್ನು ಬಲ್ಲವನಿಗಷ್ಟೇ ಬರುವ ಅನುಮಾನ ಆ ಕಣ್ಣುಗಳಲ್ಲಿದೆ. ಇದೇ ದಾರಿಯಲ್ಲಿ ನಡೆದವನು ಆತನೊಬ್ಬನೇ ಅಲ್ಲ. ಪೊಲೀಸರನ್ನು ಬೈದ ಹಾಡಿಗಾಗಿ 1989ರಲ್ಲಿ ಎಫ್‌ಬಿಐ ಅಧಿಕಾರಿಯೊಬ್ಬರ ಪತ್ರಕ್ಕೆ ಕಾರಣವಾದ ತಂಡದ ಐಸ್ ಕ್ಯೂಬ್ 2012ರಲ್ಲಿ ಚಿತ್ರವೊಂದರ ಪೊಲೀಸ್ ಕ್ಯಾಪ್ಟನ್ ಆದ. ಆದರೆ ಅದು ಹಾಸ್ಯಪಾತ್ರ. ಐಸ್-ಟಿ ಆ ಪಾತ್ರವನ್ನು ಕಾಲು ಶತಮಾನ ಗಂಭೀರವಾಗಿ ಹೊತ್ತಿದ್ದಾನೆ. ಅದೇ ಅವಧಿಯಲ್ಲಿ, 2021ರಲ್ಲಿ, ಬಾಡಿ ಕೌಂಟ್ ತಂಡಕ್ಕೆ ಮೆಟಲ್ ವಿಭಾಗದ ಗ್ರ್ಯಾಮಿಯೂ ಬಂತು. ಕೆಟ್ಟ ಪೊಲೀಸನ ಮೇಲಿನ ಸಿಟ್ಟನ್ನು ಹಾಡಿನಲ್ಲೂ ಒಳ್ಳೆಯ ಪೊಲೀಸನ ದುಡಿಮೆಯನ್ನು ಪಾತ್ರದಲ್ಲೂ ಆತ ಜೊತೆಜೊತೆಗೇ ಇಟ್ಟುಕೊಂಡಿದ್ದಾನೆ, ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಟ್ಟಿಲ್ಲ. ಇಂಥವನ ಬಗ್ಗೆ ಬರೆಯಲು ಎರಡು ಪುಟ ಹೆಚ್ಚಾಯಿತೆಂದು ನನಗೆ ಈಗಲೂ ಅನ್ನಿಸುವುದಿಲ್ಲ. ಬರೆದ ಬಗೆ ಮಾತ್ರ ಸರಿಯಿರಲಿಲ್ಲ.

ಮೊಮ್ಮಗನ ಎರಡು ಸಾಲುಗಳನ್ನು ತಾವು ಕೈಯಾರೆ ನಕಲು ಮಾಡಿ ಕಳಿಸಿದ್ದೀರಿ. ಅವನ್ನು ಇಲ್ಲಿ ಅಚ್ಚು ಮಾಡುವುದಿಲ್ಲ, ಅವು ಅವನವು. ಆದರೆ ಹಲವು ಸಲ ಓದಿದೆ. ಮಾತು ಅಚ್ಚ ಮಂಡ್ಯದ್ದು, 'ಬತ್ತೀನಿ', 'ಕುಂತವ್ನೆ' ಎಂಬ ಪದಗಳು ತಾಳಕ್ಕೆ ಸರಿಯಾಗಿ ಬಿದ್ದಿವೆ, ಹುಡುಗನಿಗೆ ಕಿವಿಯಿದೆ. ಆ ಸಾಲುಗಳಲ್ಲಿರುವ ಪೊಲೀಸ್ ಮಾತ್ರ ಮಂಡ್ಯದವನಲ್ಲ. ಅವನ ತಲೆಯ ಮೇಲೆ ಹೆಲಿಕಾಪ್ಟರ್ ಸುತ್ತುತ್ತದೆ. ಮಂಡ್ಯದ ಬೀದಿಯಲ್ಲಿ ಪೊಲೀಸ್ ಹೆಲಿಕಾಪ್ಟರ್ ಸುತ್ತಿದ್ದನ್ನು ತಮ್ಮ ಮೊಮ್ಮಗ ಎಲ್ಲಿ ಕಂಡಾನು? ಲಾಸ್ ಏಂಜಲೀಸಿನವರ ಕೋಪವನ್ನು ಅವನು ಕಡ ತಂದಿದ್ದಾನೆ. ನೋಟ್‌ಬುಕ್ಕನ್ನು ಕಸಿದುಕೊಳ್ಳಬೇಡಿ ಎಂಬುದು ನನ್ನ ಕೋರಿಕೆ. ಅವನು ಕಂಡಿರುವ ಒಬ್ಬನೇ ಪೊಲೀಸ್, ಪ್ರಾಯಶಃ, ಈಗ ಅವನ ಮನೆಯ ಜಗಲಿಯ ಮೇಲೆ ಕುಳಿತಿರುವ ತಾತ. ಹಣೆಯ ಮೇಲಿನ ಆ ಗುರುತು ಯಾವ ರಾತ್ರಿ, ಯಾವ ರಸ್ತೆಯಲ್ಲಿ ಆದದ್ದೆಂದು ಅವನಿಗೆ ಹೇಳಿದ್ದೀರೋ ಇಲ್ಲವೋ ಎಂಬುದು ಪತ್ರದಿಂದ ತಿಳಿಯಲಿಲ್ಲ. ಅಂದು ಕಲ್ಲು ಎಸೆದವರ ಮೇಲೆ ತಮಗೆ ಕೋಪವಿಲ್ಲ, ಅವರ ಗದ್ದೆಯೂ ಒಣಗಿತ್ತು ಎಂದು ಪತ್ರದ ಮೂರನೇ ಪುಟದಲ್ಲಿ ತಾವು ಬರೆದ ಒಂದು ಸಾಲನ್ನಾದರೂ ಅವನಿಗೆ ಓದಿ ಹೇಳಿ.

ತಲೆಬರಹದ ತಪ್ಪು ಮತ್ತು ನಿಷೇಧದ ಕುರಿತ ತಪ್ಪು, ಇವೆರಡರ ತಿದ್ದುಪಡಿಯೂ ಇದೇ ಸಂಚಿಕೆಯ ಒಳಪುಟದಲ್ಲಿ ಪ್ರತ್ಯೇಕವಾಗಿ ಅಚ್ಚಾಗಿದೆ.

ಸಂಪಾದಕ, ಮೈಸೂರು