ಉಸಿರು ಎಣಿಸುವ ಕೆಲಸ

ತಂಗಿ, ಬೆಂಗಳೂರಿನ ಐಸಿಯುನಲ್ಲಿ ನಾಲ್ಕು ವರ್ಷ ದುಡಿದು ಈಗ ಇಂಗ್ಲೆಂಡಿಗೆ ಹೊರಟಿದ್ದೀಯ. "ಅಕ್ಕ, ಇಲ್ಲಿ ಸಾಕಾಗಿ ಹೋಗಿದೆ. ಅಲ್ಲಿಗೆ ಬಂದ ಮೇಲೆ ನರ್ಸಿಂಗ್ ಬಿಟ್ಟು ನಿಮ್ಮ ಹಾಗೆ ಧ್ಯಾನ, ಸಮಗ್ರ ಆರೋಗ್ಯ ಅಂತ ಹೋಗಬಹುದಾ?" ಎಂದು ಕೇಳಿದ್ದೀಯ. ರಜೆಗೆ ಬಂದು ಬನಶಂಕರಿಯ ಅಮ್ಮನ ಮನೆಯಲ್ಲಿದ್ದೇನೆ. ಬಿಡುವಿದೆ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಾನು ನರ್ಸಿಂಗ್ ಬಿಟ್ಟಿಲ್ಲ ಕಣೆ. ವಾರಕ್ಕೆ ಎರಡು ದಿನ ವಾರ್ಡು, ಎರಡು ದಿನ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣಕ್ಕೆ ಗಮನ ಕೊಡುವ ಧ್ಯಾನದ ತರಗತಿ. ಈ ಹಂತಕ್ಕೆ ಬಂದು ಮುಟ್ಟಲು ವರ್ಷಗಳೇ ಹಿಡಿದವು.

ನಾನು ಇಂಗ್ಲೆಂಡಿಗೆ ಹೋದದ್ದು 2016ರಲ್ಲಿ. ಹೊರದೇಶದ ನರ್ಸುಗಳು ಅಲ್ಲಿ ನೋಂದಣಿಗೆ ಬರೆಯುವ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆಗೆ ಆಗ 6 ಸ್ಟೇಷನ್ (ಒಂದೊಂದು ಕೆಲಸ ಮಾಡಿ ತೋರಿಸುವ ಜಾಗ) ಇದ್ದವು, ಈಗ 10. ಅದು ನಿನಗೆ ಕಷ್ಟವಾಗಲಾರದು, ಕೈ ಪಳಗಿದೆ. ಕಷ್ಟವಾಗುವುದು ಚಳಿಗಾಲ. ಹನ್ನೆರಡೂವರೆ ಗಂಟೆಯ ಶಿಫ್ಟಿಗೆ ಕತ್ತಲಲ್ಲಿ ಹೋಗಿ ಕತ್ತಲಲ್ಲೇ ಮನೆಗೆ ಬರುತ್ತೀಯ. ಎರಡನೇ ಚಳಿಗಾಲದಲ್ಲಿ ನನಗೆ ನಿದ್ದೆಯೇ ಬರದಾಯಿತು. ಅಡುಗೆಮನೆಯ ಫ್ರಿಜ್ ಗುಂಯ್ ಅಂದರೂ ವಾರ್ಡಿನಲ್ಲಿ ಡ್ರಿಪ್ ಕೊಡುವ ಇನ್‌ಫ್ಯೂಷನ್ ಪಂಪಿನ ಅಲಾರಂ ಅಂತ ಎದ್ದು ಕೂರುತ್ತಿದ್ದೆ. ವಾರ್ಡಿನಲ್ಲಿ ಹೇಳಿಕೊಂಡರೆ "ಎಲ್ಲರಿಗೂ ಹಾಗೇ ಆಗುತ್ತೆ" ಅಂತ ಹೇಳಿ ರಾತ್ರಿ ಪಾಳಿಯನ್ನೇ ಹಾಕಿದರು.

2018ರಲ್ಲಿ ರಜೆಗೆ ಬಂದಾಗ ನನ್ನ ಅಕ್ಕನ ಒತ್ತಾಯಕ್ಕೆ ತುಮಕೂರು ರಸ್ತೆ ಕಡೆಯ ಆಲೂರಿನ ಧಮ್ಮ ಪಫುಲ್ಲದಲ್ಲಿ 10 ದಿನದ ವಿಪಶ್ಯನ ಶಿಬಿರಕ್ಕೆ ಸೇರಿದೆ. ಶುಲ್ಕವಿಲ್ಲ, ಮುಗಿದ ಮೇಲೆ ಮನಸ್ಸು ಬಂದಷ್ಟು ದಾನ. ಬೆಳಗಿನ 4ಕ್ಕೆ ಗಂಟೆ, ಮಾತು ಬಂದ್. ಮೊದಲ ಮೂರು ದಿನ ಒಂದೇ ಕೆಲಸ: ಮೂಗಿನ ಹೊಳ್ಳೆಯ ಹತ್ತಿರ ಉಸಿರು ಬರುವುದು ಹೋಗುವುದು ನೋಡುತ್ತಾ ಕೂರುವುದು.

ಎರಡನೇ ದಿನ ಮಧ್ಯಾಹ್ನ ನನಗೆ ಅಳು ಬಂತು. ಕಾರಣ ನಿನಗೆ ಗೊತ್ತಾಗುತ್ತೆ, ನೀನೂ ನರ್ಸು. ರೋಗಿಯ ಉಸಿರು ಎಣಿಸುವಾಗ ನಾವು ಹೇಳಿ ಎಣಿಸುವುದಿಲ್ಲ ಅಲ್ಲವಾ? ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತೆ. ಬೆರಳು ನಾಡಿಯ ಮೇಲೇ ಇಟ್ಟುಕೊಂಡು, ಗಡಿಯಾರ ನೋಡುವ ಹಾಗೆ ಮಾಡಿ, ಎದೆ ಏರುವುದನ್ನು ಇಳಿಯುವುದನ್ನು ಪೂರ್ತಿ ಒಂದು ನಿಮಿಷ ನೋಡುತ್ತೇವೆ. 12ರಿಂದ 20 ಇದ್ದರೆ ನೆಮ್ಮದಿ, 25 ಮುಟ್ಟಿದರೆ ಡಾಕ್ಟರಿಗೆ ಫೋನು. ಅಷ್ಟು ವರ್ಷ ಸಾವಿರಾರು ಜನರ ಉಸಿರು ಹೀಗೆ ಕಾದಿದ್ದೆ. ನನ್ನದನ್ನು ಒಂದು ನಿಮಿಷವೂ ನೋಡಿರಲಿಲ್ಲ. ಧ್ಯಾನ ಅಂದರೆ ಎಲ್ಲೋ ದೂರದ ವಿದ್ಯೆ ಅಂದುಕೊಂಡಿದ್ದೆ. ಅದರ ಅರ್ಧ ಪಾಠ ನರ್ಸಿಂಗ್ ಕಾಲೇಜಿನಲ್ಲೇ ಆಗಿತ್ತು.

ವಾಪಸ್ ಹೋದ ಮೇಲೆ ಮಾಡಿದ್ದು ಬಹಳ ಚಿಕ್ಕದು. ಪ್ರತಿ ಹಾಸಿಗೆಯ ಪಕ್ಕ ಹ್ಯಾಂಡ್ ಜೆಲ್ ಇರುತ್ತೆ, ಸರಿಯಾಗಿ ಉಜ್ಜಲು 20ರಿಂದ 30 ಸೆಕೆಂಡ್ ಬೇಕು. ಅಂಗೈ, ಮುಂಗೈ, ಬೆರಳ ಸಂದಿ, ಹೆಬ್ಬೆರಳು ಉಜ್ಜುತ್ತಾ ನಿಧಾನಕ್ಕೆ ಮೂರ್ನಾಲ್ಕು ಉಸಿರು. ಆಮೇಲೆ ಪರದೆ ಸರಿಸಿ ಒಳಗೆ ಹೋಗುವುದು. ಯಾರಿಗೂ ಗೊತ್ತಾಗುವುದಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. 2020ರಲ್ಲಿ, ಸಾಯುತ್ತಿದ್ದ ಒಬ್ಬ ಅಜ್ಜನ ಮುಖದ ಮುಂದೆ ಮಗಳ ವಿಡಿಯೋ ಕಾಲ್‌ಗೆ ಟ್ಯಾಬ್ ಹಿಡಿದು ನಿಂತಾಗ ನನ್ನ ಕೈ ನಡುಗದಂತೆ ಉಳಿಸಿದ್ದು ಇದೇ ಅಭ್ಯಾಸ.

ಈಗ ನಿನ್ನ ಪ್ರಶ್ನೆಗೆ ನೇರ ಉತ್ತರ. ನಿನ್ನ ವೀಸಾ ನಿನ್ನ ನರ್ಸ್ ಕೆಲಸಕ್ಕೆ ಕಟ್ಟಿದ್ದು, ಆ ಕೆಲಸ ಬಿಟ್ಟರೆ ವೀಸಾಕ್ಕೇ ಕುತ್ತು. ನಾನು 5 ವರ್ಷ ಮುಗಿಸಿ, ಕಾಯಂ ವಾಸದ ಅನುಮತಿ ಸಿಕ್ಕ ಮೇಲಷ್ಟೇ ದಿನ ಕಡಿಮೆ ಮಾಡಿಕೊಂಡೆ. ಆಗಲೂ ಎನ್‌ಎಂಸಿ, ಅಂದರೆ ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಬಿಡಬೇಡ. ಮೂರು ವರ್ಷಕ್ಕೊಮ್ಮೆ ನವೀಕರಣ, 450 ಗಂಟೆ ಕೆಲಸ, 35 ಗಂಟೆ ಕಲಿಕೆ ತೋರಿಸಬೇಕು. ಅಲ್ಲಿ ಧ್ಯಾನದ ಗುರು ಅಂತ ಯಾರು ಬೇಕಾದರೂ ಬೋರ್ಡು ಹಾಕಬಹುದು, ರಿಜಿಸ್ಟರ್ಡ್ ನರ್ಸ್ ಅಂತ ಹಾಗೆ ಹಾಕುವಂತಿಲ್ಲ. ಜನ ನಿನ್ನನ್ನು ನಂಬುವುದು ಆ ಹೆಸರಿನಿಂದ.

ಆ ನಂಬಿಕೆ ಬಲು ಭಾರ. ಯಾರದೋ 'ಸಹಜ ಚಿಕಿತ್ಸೆ'ಯ ಮಾತು ಕೇಳಿ ಇನ್ಸುಲಿನ್ ನಿಲ್ಲಿಸಿದ್ದ ಹುಡುಗಿಯೊಬ್ಬಳು ಕೀಟೋಅಸಿಡೋಸಿಸ್ ಆಗಿ, ಅಂದರೆ ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ಏರಿ, ನಮ್ಮ ವಾರ್ಡಿಗೆ ಬಂದಿದ್ದಳು. ಅವಳ ಉಸಿರಿನ ಆ ಹಣ್ಣಿನಂಥ ವಾಸನೆ ನಾನು ಮರೆತಿಲ್ಲ. ಹಾಗಾಗಿ ನನ್ನ ತರಗತಿಯಲ್ಲಿ ಮೊದಲ ಮಾತೇ, ಮಾತ್ರೆ ಯಾವುದೂ ನಿಲ್ಲಿಸಬೇಡಿ ಅಂತ. ಸೈಕೋಸಿಸ್, ಅಂದರೆ ವಾಸ್ತವದ ಅರಿವು ತಪ್ಪುವ ಮಾನಸಿಕ ಕಾಯಿಲೆ ಇದ್ದವರನ್ನು ದೀರ್ಘ ಮೌನಕ್ಕೆ ಕೂರಿಸುವುದಿಲ್ಲ. ಕಲಿಯುವುದಾದರೆ 8 ವಾರದ ಎಂಬಿಸಿಟಿಯಿಂದ (ಮೈಂಡ್‌ಫುಲ್‌ನೆಸ್ ಆಧಾರಿತ ಮನೋಚಿಕಿತ್ಸೆ) ಶುರುಮಾಡು. ಮತ್ತೆ ಮತ್ತೆ ಮರುಕಳಿಸುವ ಖಿನ್ನತೆಗೆ ಚಿಕಿತ್ಸೆಗಳ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2004ರಿಂದಲೇ ಶಿಫಾರಸು ಮಾಡಿರುವ ಪದ್ಧತಿ ಅದು, ಹಾಗಾಗಿ ಡಾಕ್ಟರುಗಳೂ ಕಿವಿಗೊಡುತ್ತಾರೆ.

"ಸಾಕಾಗಿ ಹೋಗಿದೆ" ಅಂದೆಯಲ್ಲ, ಆ ಮಾತು ನನ್ನನ್ನು ಬಿಡುತ್ತಿಲ್ಲ. ಈಗಲೇ ನಿದ್ದೆ ಕೆಟ್ಟಿದ್ದರೆ ವಿಮಾನ ಹತ್ತುವ ಮುಂಚೆ ಯಾರಿಗಾದರೂ ತೋರಿಸಿಕೋ, ಅಲ್ಲಿ ಹೋದ ಮೇಲೆ ಸರಿಹೋಗುತ್ತೆ ಅಂತ ಮುಂದೂಡಬೇಡ. ಹೋಗುವ ಮೊದಲು ಆಲೂರಿನಲ್ಲಿ ಜಾಗ ಸಿಕ್ಕರೆ 10 ದಿನ ಕೂತು ಬಾ.

ನಾನು ಮುಂದಿನ ವಾರದವರೆಗೂ ಇಲ್ಲೇ ಇರುತ್ತೇನೆ. ಭಾನುವಾರ ರಾತ್ರಿ ಪಾಳಿ ಇಲ್ಲದಿದ್ದರೆ ಸೋಮವಾರ ಬೆಳಗ್ಗೆ ಆರೂವರೆಗೆ ಲಾಲ್‌ಬಾಗಿನ ಬಂಡೆ ಹತ್ತಿರ ಬಾ. ನಿನ್ನ ಆಫರ್ ಲೆಟರೂ ತಗೊಂಡು ಬಾ, ಕಾಂಟ್ರಾಕ್ಟಿನ ಷರತ್ತು ಒಟ್ಟಿಗೆ ಓದೋಣ.