ಎಂಬತ್ತೈದು ಎಸೆತದ ಲೆಕ್ಕ

ಡಲ್ಲಾಸ್‌ನಲ್ಲಿ ಮಗಳ ಮನೆಗೆ ಹೋಗಿರುವ ಹಿರಿಯ ಓದುಗರೊಬ್ಬರ ಪತ್ರ: ‘ಹನ್ನೊಂದರ ಮೊಮ್ಮಗ ಮಕ್ಕಳ ಬೇಸ್‌ಬಾಲ್ ಆದ ಲಿಟಲ್ ಲೀಗ್‌ನಲ್ಲಿ ಪಿಚರ್, ಅಂದರೆ ಬ್ಯಾಟರ್‌ಗೆ ಚೆಂಡು ಎಸೆಯುವವನು. ಮೊನ್ನೆ ಚೆನ್ನಾಗಿ ಎಸೆಯುತ್ತಿದ್ದವನನ್ನು ಕೋಚ್ ಐದನೇ ಇನ್ನಿಂಗ್ಸಿನಲ್ಲಿ ತೆಗೆದುಬಿಟ್ಟರು, ಪಂದ್ಯ ಸೋತರು. ಟಿವಿಯಲ್ಲಿ ಒಂಬತ್ತು ಇನ್ನಿಂಗ್ಸ್, ಇಲ್ಲಿ ಆರೇ. ಅಲ್ಲಿ ಮರದ ಬ್ಯಾಟು, ಇಲ್ಲಿ ತಗಡಿನ ಸದ್ದು. ಇವೆರಡೂ ಒಂದೇ ಆಟವೇ? ಕೋಚ್ ಮಾಡಿದ್ದು ಸರಿಯೇ?’

ಸಂಪಾದಕರ ಉತ್ತರ:

ಮಾನ್ಯರೇ, ಕೋಚ್ ಮೇಲೆ ಸಿಟ್ಟು ಬೇಡ. ಮೊಮ್ಮಗನ ಎಸೆತ ಎಣಿಸಿದ್ದಿರಾ? ಅಂಕಣದ ಪಕ್ಕ ಕೂತ ಒಬ್ಬರು ಎಣಿಸುತ್ತಲೇ ಇರುತ್ತಾರೆ. ಲಿಟಲ್ ಲೀಗ್‌ನಲ್ಲಿ 11–12 ವಯಸ್ಸಿನವರು ದಿನಕ್ಕೆ 85 ಎಸೆತ ಮೀರುವಂತಿಲ್ಲ. ಎದುರಿಗಿರುವ ಬ್ಯಾಟರ್‌ನ ಸರದಿಯ ನಡುವೆ ಎಣಿಕೆ ಮುಗಿದರೆ ಅವನೊಬ್ಬನನ್ನು ಮುಗಿಸಬಹುದು, ಅಷ್ಟೇ. 66 ಮುಟ್ಟಿದರೂ ಆಮೇಲೆ ನಾಲ್ಕು ದಿನ ಪಿಚಿಂಗ್ ಇಲ್ಲ. 41 ಎಸೆದವನು ಅಂದು ಬ್ಯಾಟರ್ ಹಿಂದೆ ಚೆಂಡು ಹಿಡಿಯುವ ಕ್ಯಾಚರ್ ಆಗಿಯೂ ನಿಲ್ಲುವಂತಿಲ್ಲ. ಕ್ಯಾಚರ್ ಕೂಡ ಪ್ರತಿ ಚೆಂಡನ್ನು ವಾಪಸ್ ಎಸೆಯಬೇಕಲ್ಲ! 2007ಕ್ಕೆ ಮೊದಲು ಮಿತಿ ಇದ್ದದ್ದು ಎಸೆತಕ್ಕಲ್ಲ, ಎಸೆಯುವ ಇನ್ನಿಂಗ್ಸುಗಳ ಸಂಖ್ಯೆಗೆ. ಒಂದೇ ಇನ್ನಿಂಗ್ಸನ್ನು ಒಬ್ಬ ಹತ್ತು ಎಸೆತದಲ್ಲಿ ಮುಗಿಸಿದರೆ ಇನ್ನೊಬ್ಬ ನಲವತ್ತು ಎಸೆದು ಸುಸ್ತಾಗಿರುತ್ತಾನೆ. ಆ ವಯಸ್ಸಿಗೆ ಮೊಣಕೈ ಮೂಳೆಯ ತುದಿ ಇನ್ನೂ ಬಲಿತಿರುವುದಿಲ್ಲ.

ದೊಡ್ಡವರಲ್ಲಿ ಇದು ತಲೆಕೆಳಗು. ನೀವು ಟಿವಿಯಲ್ಲಿ ನೋಡುವ ವೃತ್ತಿಪರರ ಮೇಜರ್ ಲೀಗ್ ನಿಯಮದಲ್ಲಿ ಎಸೆತಕ್ಕೆ ಮಿತಿಯೇ ಇಲ್ಲ. ತೆಗೆಯುವುದು ಬಿಡುವುದು ಮ್ಯಾನೇಜರ್ ಇಷ್ಟ. ಬದಲಿಗೆ 2020ರಿಂದ, ಗಾಯವಾಗದಿದ್ದರೆ, ಪಿಚರ್ ಮೂವರು ಬ್ಯಾಟರ್‌ಗಳಿಗಾದರೂ ಎಸೆಯಲೇಬೇಕು, ಇಲ್ಲವೇ ಆ ಅರ್ಧ ಇನ್ನಿಂಗ್ಸ್ (ಒಂದು ತಂಡದ ಬ್ಯಾಟಿಂಗ್ ಸರದಿ) ಮುಗಿಸಬೇಕು. ಪದೇಪದೇ ಪಿಚರ್ ಬದಲಿಸಿ ಆಟ ಎಳೆಯುತ್ತಿದ್ದರು, ಅದಕ್ಕೆ ಹಾಕಿದ ಕಡಿವಾಣ ಅದು.

ಸೋಲಿನ ವಿಷಯಕ್ಕೆ ಬಂದರೆ, ಮಕ್ಕಳ ಆಟದಲ್ಲಿ ನಾಲ್ಕು ಇನ್ನಿಂಗ್ಸ್ ಆದ ಮೇಲೆ ಹತ್ತು ರನ್ ಅಂತರವಿದ್ದರೆ ಪಂದ್ಯ ಅಲ್ಲಿಗೇ ಮುಗಿಯಿತು. ಮೇಜರ್ ಲೀಗ್‌ಗೆ ಈ ದಯೆ ಇಲ್ಲ. 2007ರ ಆಗಸ್ಟ್ 22ರಂದು ನಿಮ್ಮ ಡಲ್ಲಾಸ್ ಸೀಮೆಯ ಟೆಕ್ಸಾಸ್ ರೇಂಜರ್ಸ್, ಬಾಲ್ಟಿಮೋರ್‌ನಲ್ಲಿ ಮೂರು ಇನ್ನಿಂಗ್ಸ್ ತನಕ 0–3 ಹಿಂದಿದ್ದವರು, 30–3ರಿಂದ ಗೆದ್ದರು. ಎಂಟನೇ ಇನ್ನಿಂಗ್ಸೊಂದರಲ್ಲೇ ಹತ್ತು ರನ್! ಪಾಪ, ಬಾಲ್ಟಿಮೋರ್‌ನವರಿಗೆ ಅದೇ ದಿನ ಅದೇ ಎದುರಾಳಿಯ ಜೊತೆ ಇನ್ನೊಂದು ಪಂದ್ಯ ಬಾಕಿ ಇತ್ತು. ಅದನ್ನೂ ಸೋತರು.

ತಗಡಿನ ಸದ್ದು ಅಲ್ಯೂಮಿನಿಯಂನದು. ಮರದ ಬ್ಯಾಟು ಮುರಿದಾಗಲೆಲ್ಲ ಹೊಸದು ಕೊಡಿಸಲು ಯಾವ ಅಪ್ಪನಿಗೆ ಆದೀತು? ಲೋಹವಾದರೂ ಮರಕ್ಕಿಂತ ಅತಿಯಾಗಿ ಚೆಂಡು ಚಿಮ್ಮಿಸಬಾರದೆಂದು 2018ರಿಂದ ಕಟ್ಟಲೆಯಿದೆ; ಬ್ಯಾಟಿನ ಮೇಲೆ ‘ಯುಎಸ್‌ಎ ಬೇಸ್‌ಬಾಲ್’ ಮುದ್ರೆ ಇರುತ್ತದೆ, ನೋಡಿ. ಮೇಜರ್ ಲೀಗ್‌ನಲ್ಲಿ ಒಂದೇ ಮರದ ತುಂಡು, ಬೇರೆ ಮಾತಿಲ್ಲ. ಇನ್ನು ಅಂಕಣವೂ ಚಿಕ್ಕದೇ: ಪಿಚರ್ ನಿಲ್ಲುವುದು 46 ಅಡಿ ದೂರದಲ್ಲಿ, ದೊಡ್ಡವರಿಗೆ 60 ಅಡಿ 6 ಅಂಗುಲ.

ಪಿಚಿಂಗ್ ಬಿಟ್ಟ ಮೇಲೂ ಮೊಮ್ಮಗ ಬೇರೆ ಜಾಗದಲ್ಲಿ ಫೀಲ್ಡಿಂಗಿಗೆ ನಿಲ್ಲಬಹುದು, ಬ್ಯಾಟ್ ಮಾಡಬಹುದು. ಮುಂದಿನ ಶನಿವಾರ ಹೋದಾಗ ಎಸೆತ ಎಣಿಸುವ ಕೆಲಸ ನನಗೆ ಕೊಡಿ ಎಂದು ಕೇಳಿ ನೋಡಿ. ನಿವೃತ್ತ ತಾತಂದಿರಿಗೆ ಹೇಳಿ ಮಾಡಿಸಿದ ಹುದ್ದೆ.