ಬೆಂಗಳೂರಿನ ಜಕ್ಕೂರಿನಲ್ಲಿ ಹಾರಿಸುವ, ರೊಟ್ಯಾಕ್ಸ್ 912 ಯುಎಲ್‌ಎಸ್ ಇಂಜಿನ್ ಇರುವ ಮೈಕ್ರೊಲೈಟ್‌ಗೆ (ಪುಟ್ಟ ಹಗುರ ವಿಮಾನಕ್ಕೆ) ಬಂಕಿನ ಪೆಟ್ರೋಲ್ ಹಾಕಬಹುದೇ? ಆಯಿಲ್ ಎಷ್ಟು ಗಂಟೆಗೊಮ್ಮೆ ಬದಲಿಸಬೇಕು?

ನೀವು ಕೇಳಿರುವುದು ಎರಡು ಪ್ರಶ್ನೆ, ಆದರೆ ಒಂದರ ಉತ್ತರ ಇನ್ನೊಂದನ್ನು ಹಿಡಿದುಕೊಂಡಿದೆ. ಟ್ಯಾಂಕಿಗೆ ಏನು ಸುರಿಯುತ್ತೀರೋ ಅದರ ಮೇಲೆ ಆಯಿಲ್, ಪ್ಲಗ್, ಗೇರ್‌ಬಾಕ್ಸ್ ಎಲ್ಲದರ ಲೆಕ್ಕ ನಿಲ್ಲುತ್ತದೆ. ಜಕ್ಕೂರಿನಲ್ಲಿ ಹಾರಿಸುವುದಾಗಿ ಬರೆದಿದ್ದೀರಿ, ಅಲ್ಲಿನ ಎತ್ತರ, ಬಿಸಿಲನ್ನೂ ಸೇರಿಸಿಯೇ ಹೇಳುತ್ತೇನೆ.

ಸಾಮಾನ್ಯ ಬಂಕ್ ಪೆಟ್ರೋಲ್ ಬೇಡ. ಅದರ ಆಕ್ಟೇನ್ (ಪೆಟ್ರೋಲ್ ಹೊತ್ತಿಗೆ ಮೊದಲೇ ಸಿಡಿಯದಂತೆ ತಡೆಯುವ ಗುಣದ ಅಳತೆ) ಬಹುಕಾಲ 91 ಇತ್ತು. 80 ಅಶ್ವಶಕ್ತಿಯ 912 ಯುಎಲ್‌ಗೆ 90 ಸಾಕು, ನಿಮ್ಮ 100 ಅಶ್ವಶಕ್ತಿಯ ಯುಎಲ್‌ಎಸ್‌ಗೆ ಕನಿಷ್ಠ 95 ಬೇಕು. ಹಾಗಾದರೆ 95 ಆಕ್ಟೇನಿನ ಬಂಕ್ ಪೆಟ್ರೋಲ್ ಹಾಕೋಣ ಅಂದರೆ ಅಲ್ಲಿ ಎಥನಾಲ್ ಅಡ್ಡ ಬರುತ್ತದೆ. ರೊಟ್ಯಾಕ್ಸ್ ಒಪ್ಪುವುದು 10% ಎಥನಾಲ್‌ವರೆಗೆ. ನಮ್ಮ ಬಂಕುಗಳಲ್ಲಿ ಈಗ ಸಿಗುವುದು 20%. ಕಾರಿನಲ್ಲಾದರೆ ಆಮ್ಲಜನಕದ ಸೆನ್ಸರ್ ನೋಡಿಕೊಂಡು ಕಂಪ್ಯೂಟರ್ ಪೆಟ್ರೋಲನ್ನು ಹೆಚ್ಚಿಸುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ನಿಮ್ಮ ಎರಡು ಬಿಂಗ್ ಕಾರ್ಬ್ಯುರೇಟರ್‌ಗಳಿಗೆ ಆ ಬುದ್ಧಿ ಇಲ್ಲ, ಜೆಟ್ಟಿನ ತೂತು ಎಷ್ಟೋ ಅಷ್ಟೇ. ಮಿಶ್ರಣ ತೆಳುವಾಗಿ, ಫುಲ್ ಥ್ರಾಟಲ್‌ನಲ್ಲಿ ಏರುವಾಗ ಸಿಲಿಂಡರ್ ಬಿಸಿಯಾಗುತ್ತದೆ. ಅದಲ್ಲದೆ ಎಥನಾಲ್ ಗಾಳಿಯ ತೇವ ಹೀರುತ್ತದೆ. ವಿಮಾನ ಎರಡು ವಾರ ಹ್ಯಾಂಗರಿನಲ್ಲಿ ನಿಂತರೆ ನೀರು ಸೇರಿದ ಎಥನಾಲ್ ಟ್ಯಾಂಕಿನ ತಳದಲ್ಲಿ ಬೇರೆಯಾಗಿ ಕೂರಬಹುದು. ಟ್ಯಾಂಕ್ ಫೈಬರ್‌ಗ್ಲಾಸಿನದಾದರೆ ಒಳಗಿನ ರೆಸಿನ್ ಮೆತ್ತಗಾಗುವ ಭಯವೂ ಇದೆ.

ಎಥನಾಲ್ ಇಲ್ಲ ಎಂದು ಹೇಳಿ ಮಾರುವ 100 ಆಕ್ಟೇನ್ ಪೆಟ್ರೋಲನ್ನು ಬಳಸಬಹುದು, ಆದರೆ ಮಾತು ನಂಬಬೇಡಿ, ಪ್ರತಿ ಕ್ಯಾನ್ ಪರೀಕ್ಷಿಸಿ. 100 ಮಿಲಿ ಅಳತೆಯ ಗಾಜಿನ ಕೊಳವೆಗೆ 10 ಮಿಲಿ ನೀರು, ಮೇಲೆ 90 ಮಿಲಿ ಪೆಟ್ರೋಲ್ ಹಾಕಿ, ಮುಚ್ಚಿ, ಚೆನ್ನಾಗಿ ಕುಲುಕಿ, ಹತ್ತು ನಿಮಿಷ ಬಿಡಿ. ತಳದ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 19ರ ಹತ್ತಿರ ಬಂದರೆ ಸುಮಾರು 10%, 28ರ ಹತ್ತಿರ ಬಂದರೆ 20%. ಕ್ಯಾನ್ ಲೋಹದ್ದಿರಲಿ. ಸುರಿಯುವ ಮೊದಲು ಕ್ಯಾನಿಗೂ ವಿಮಾನದ ಎಗ್ಸಾಸ್ಟ್ ಪೈಪಿಗೂ ತಂತಿ ಕಟ್ಟಿ, ಸ್ಥಾಯೀ ವಿದ್ಯುತ್ತಿನ ಕಿಡಿ ಹಾರದಿರಲು.

ಇನ್ನೊಂದು ದಾರಿ ವಿಮಾನಗಳಿಗೆಂದೇ ಮಾಡುವ ಪೆಟ್ರೋಲ್, ಅವ್‌ಗ್ಯಾಸ್ 100 ಎಲ್‌ಎಲ್, ನೀಲಿ ಬಣ್ಣದ್ದು. 2022ರಿಂದ ಇಂಡಿಯನ್ ಆಯಿಲ್ ಇದನ್ನು ವಡೋದರಾದಲ್ಲೇ ತಯಾರಿಸುತ್ತಿದೆ. ಎಥನಾಲ್ ಇಲ್ಲ, ಗುಣಮಟ್ಟ ಖಚಿತ, ಬೇಗ ಆವಿಯೂ ಆಗುವುದಿಲ್ಲ. ತೊಂದರೆ ಅದರಲ್ಲಿರುವ ಸೀಸದ್ದು: ಲೀಟರಿಗೆ 0.56 ಗ್ರಾಂವರೆಗೆ. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್ ಇರುವುದರಿಂದ ಸೀಸದ ಬೂದು ಕೆಸರು ಆಯಿಲ್ ಟ್ಯಾಂಕಿನ ತಳದಲ್ಲೂ ಗೇರ್‌ಬಾಕ್ಸಿನ ಕ್ಲಚ್ಚಿನಲ್ಲೂ ಕೂರುತ್ತದೆ. ಹಾಗಾಗಿ ಹಾರಾಟದ 30%ಕ್ಕಿಂತ ಹೆಚ್ಚು ಅವ್‌ಗ್ಯಾಸ್‌ನಲ್ಲಾದರೆ ಆಯಿಲ್ ಮತ್ತು ಫಿಲ್ಟರ್ 25 ಗಂಟೆಗೊಮ್ಮೆ ಬದಲಿಸುವುದು ಒಳ್ಳೆಯದು. ಸೀಸವಿಲ್ಲದ ಪೆಟ್ರೋಲಾದರೆ ಮಿತಿ 100 ಗಂಟೆ. ನಾನು 50ಕ್ಕೇ ಬದಲಿಸಿ ಎನ್ನುತ್ತೇನೆ, ಮೂರು ಲೀಟರ್ ಆಯಿಲ್‌ನಲ್ಲಿ ಉಳಿಸುವಂಥದ್ದೇನಿಲ್ಲ. ಪೂರ್ತಿ ಸಿಂಥೆಟಿಕ್ ಆಯಿಲ್ ಸೀಸವನ್ನು ತೇಲಿಸಿ ಇಟ್ಟುಕೊಳ್ಳುವುದಿಲ್ಲ, ಏರೋಶೆಲ್ ಸ್ಪೋರ್ಟ್ ಪ್ಲಸ್ 4 ಥರದ ಅರೆ ಸಿಂಥೆಟಿಕ್ ಆಯಿಲನ್ನೇ ಹಾಕಿ. ಹಳೆಯ ಫಿಲ್ಟರ್ ಎಸೆಯುವ ಮೊದಲು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ ನೋಡಿ. ಆಯಿಲಿನಲ್ಲಿನ ಲೋಹದ ಕಣ ಹಿಡಿಯುವ ಮ್ಯಾಗ್ನೆಟಿಕ್ ಪ್ಲಗ್ಗನ್ನೂ ಬಿಚ್ಚಿ ನೋಡಿ. ಪೇಸ್ಟಿನಂಥ ನುಣ್ಣನೆ ಕಪ್ಪು ಸಾಮಾನ್ಯ. ಚೂರು, ಚಕ್ಕೆ ಕಂಡರೆ ಹಾರಾಟ ನಿಲ್ಲಿಸಿ.

ಈಗಿನ ಪರಿಸ್ಥಿತಿಯಲ್ಲಿ ನನ್ನ ಆಯ್ಕೆ ಅವ್‌ಗ್ಯಾಸ್ ಮತ್ತು 25 ಗಂಟೆಯ ಆಯಿಲ್. ಅವ್‌ಗ್ಯಾಸನ್ನೂ ಎಥನಾಲ್ ಇಲ್ಲದ ಪೆಟ್ರೋಲನ್ನೂ ಯಾವ ಪ್ರಮಾಣದಲ್ಲಾದರೂ ಬೆರೆಸಬಹುದು, ಲಾಗ್ ಪುಸ್ತಕದಲ್ಲಿ ಪ್ರಮಾಣ ಬರೆದಿಡಿ.

ಆಯಿಲ್ ಮಟ್ಟ ನೋಡುವುದರಲ್ಲಿ ಹೊಸಬರು ಎಡವುತ್ತಾರೆ. ಇದು ಡ್ರೈ ಸಂಪ್ ಇಂಜಿನ್, ಅಂದರೆ ಆಯಿಲ್ ಇರುವುದು ಇಂಜಿನ್ನಿನ ಹೊರಗಿನ ಬೇರೆ ಟ್ಯಾಂಕಿನಲ್ಲಿ. ನಿಂತಾಗ ಆಯಿಲ್ ಕ್ರ್ಯಾಂಕ್‌ಕೇಸಿನಲ್ಲಿ ಉಳಿದು, ಟ್ಯಾಂಕಿನ ಅಳತೆ ಕಡ್ಡಿ ಕಡಿಮೆ ತೋರಿಸುತ್ತದೆ. ನೋಡಿದವರು ಇನ್ನಷ್ಟು ಸುರಿಯುತ್ತಾರೆ, ಆಮೇಲೆ ಅದು ವೆಂಟ್ ಪೈಪಿನಿಂದ ಹೊರಗೆ ಬರುತ್ತದೆ. ಎರಡೂ ಇಗ್ನಿಷನ್ ಸ್ವಿಚ್ ಆಫ್ ಮಾಡಿ, ಟ್ಯಾಂಕಿನ ಮುಚ್ಚಳ ತೆಗೆದು, ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ತಿರುಗಿಸಿ. ಟ್ಯಾಂಕಿನಲ್ಲಿ ಗುಳುಗುಳು ಸದ್ದು ಬಂದ ಮೇಲೆ ಕಡ್ಡಿ ನೋಡಿ. ಕಡ್ಡಿಯ ಎರಡು ಗೆರೆಗಳ ನಡುವೆ ಇರುವುದು 0.45 ಲೀಟರ್ ಮಾತ್ರ. ಪ್ರೊಪೆಲ್ಲರ್ ತಿರುಗುವ ದಿಕ್ಕಿನಲ್ಲೇ, ಅಂದರೆ ಮುಂದೆ ನಿಂತು ನೋಡಿದರೆ ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಬೇಕು. ಹಿಮ್ಮುಖ ತಿರುಗಿಸಿದರೆ ಆಯಿಲ್ ಮಾರ್ಗಕ್ಕೆ ಗಾಳಿ ಎಳೆದು ವಾಲ್ವ್‌ಗಳನ್ನು ಎತ್ತುವ ಹೈಡ್ರಾಲಿಕ್ ಟ್ಯಾಪೆಟ್‌ಗಳು ಕೆಡುತ್ತವೆ.

ಟೇಕಾಫ್‌ಗೆ ಮೊದಲು ಆಯಿಲ್ 50 ಡಿಗ್ರಿ ದಾಟಿರಬೇಕು. 4000 ಆರ್‌ಪಿಎಂನಲ್ಲಿ ಒಂದೊಂದೇ ಇಗ್ನಿಷನ್ ಆಫ್ ಮಾಡಿ: ಇಳಿತ 300 ಮೀರಬಾರದು, ಎರಡರ ನಡುವಿನ ವ್ಯತ್ಯಾಸ 115 ಮೀರಬಾರದು. ಮೀರಿದರೆ ಮೊದಲು ಸ್ಪಾರ್ಕ್ ಪ್ಲಗ್ ನೋಡಿ, ಅವ್‌ಗ್ಯಾಸ್‌ನಲ್ಲಿ ಸೀಸ ಕಟ್ಟಿಕೊಳ್ಳುವ ಜಾಗ ಅದೇ. ಹಾರಾಟದ ದಿನ ಒಮ್ಮೆಯಾದರೂ ಆಯಿಲ್ 100 ಡಿಗ್ರಿ ಮುಟ್ಟಲಿ, ಇಲ್ಲದಿದ್ದರೆ ಒಳಗಿನ ನೀರು ಹಾರಿಹೋಗುವುದಿಲ್ಲ.

ಐಡಲ್‌ನಲ್ಲಿ ಗೇರ್‌ಬಾಕ್ಸ್ ಗಡಗಡ ಅಂದರೆ ಗೇರ್‌ಬಾಕ್ಸನ್ನೇ ದೂರಬೇಡಿ. ಬಹಳ ಸಲ ಕಾರಣ ಎರಡು ಕಾರ್ಬ್ಯುರೇಟರ್‌ಗಳ ಹೊಂದಾಣಿಕೆ ತಪ್ಪಿರುವುದು. ಒಂದೊಂದು ಎರಡೆರಡು ಸಿಲಿಂಡರಿಗೆ ಉಣಿಸುತ್ತದೆ. ವ್ಯಾಕ್ಯೂಮ್ ಗೇಜ್ ಹಚ್ಚಿ 100 ಗಂಟೆಗೊಮ್ಮೆ ಸರಿಮಾಡಿಸಿ. ಥ್ರಾಟಲ್ ಕೇಬಲಿನ ತುದಿಗಳನ್ನು ಪ್ರತಿ ಸಲ ನೋಡಿ: ಕೇಬಲ್ ಕಳಚಿದರೆ ಸ್ಪ್ರಿಂಗ್ ಆ ಕಾರ್ಬ್ಯುರೇಟರನ್ನು ಪೂರ್ತಿ ತೆರೆಯುತ್ತದೆ, ಮುಚ್ಚುವುದಿಲ್ಲ. ಒಂದೇ ಕಡೆ ಹೀಗಾದರೆ ಇಂಜಿನ್ ಕಿತ್ತುಹೋಗುವಂತೆ ನಡುಗುತ್ತದೆ. ಕಾರ್ಬ್ಯುರೇಟರಿನ ವೆಂಟ್ ಪೈಪಿನಿಂದ ಪೆಟ್ರೋಲ್ ತೊಟ್ಟಿಕ್ಕಿದರೆ ಅದರೊಳಗೆ ತೇಲುವ ಫ್ಲೋಟ್‌ಗಳನ್ನು ತೆಗೆದು ಚಿನ್ನದಂಗಡಿಯ ತಕ್ಕಡಿಯಲ್ಲಿ ತೂಗಿ. ಜೋಡಿ 7 ಗ್ರಾಂ ದಾಟಿದರೆ ಪೆಟ್ರೋಲ್ ಕುಡಿದಿವೆ ಎಂದರ್ಥ, ಬದಲಿಸಿ.

ಜಕ್ಕೂರಿನ ಎತ್ತರ ಸುಮಾರು 3000 ಅಡಿ. 34 ಡಿಗ್ರಿಯ ಮಧ್ಯಾಹ್ನ ಇಂಜಿನ್ನಿಗೆ ಅದು 6000 ಅಡಿಯಂತೆ ಕಾಣುತ್ತದೆ, 100 ಅಶ್ವಶಕ್ತಿಯಲ್ಲಿ ಸುಮಾರು 80 ಮಾತ್ರ ಕೈಗೆ ಸಿಗುತ್ತದೆ. ಅವ್‌ಗ್ಯಾಸ್ ಬದಲು ಎಥನಾಲ್ ಇಲ್ಲದ ಪೆಟ್ರೋಲ್ ಬಳಸುವ ದಿನ ಇನ್ನೊಂದು ಎಚ್ಚರ: ಇಳಿದು ಅರ್ಧ ಗಂಟೆ ಬಿಸಿಲಲ್ಲಿ ನಿಲ್ಲಿಸಿ ಮತ್ತೆ ಹೊರಟರೆ ಕೌಲಿಂಗ್ (ಇಂಜಿನ್ನಿನ ಹೊದಿಕೆ) ಒಳಗಿನ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿರುತ್ತದೆ. ನಿಲ್ಲಿಸಿದಾಗ ಆಯಿಲ್ ನೋಡುವ ಬಾಗಿಲು ತೆರೆದಿಡಿ, ವಿಮಾನದ ಮೂಗನ್ನು ಗಾಳಿಗೆ ಮುಖಮಾಡಿ. ಹೊರಡುವಾಗ ಎಲೆಕ್ಟ್ರಿಕ್ ಪಂಪ್ ಆನ್ ಇರಲಿ. ಇಂಧನದ ಒತ್ತಡ 0.15 ಬಾರ್‌ಗಿಂತ ಕೆಳಗಿಳಿದರೆ, ಅಥವಾ ಮುಳ್ಳು ಕುಣಿಯುತ್ತಿದ್ದರೆ ರನ್‌ವೇಗೆ ಹೋಗಬೇಡಿ.

ರಬ್ಬರಿನ ಹೋಸ್, ಕಾರ್ಬ್ಯುರೇಟರ್ ಸಾಕೆಟ್, ಡಯಾಫ್ರಂ, ಇಂಧನ ಪಂಪ್ ಎಲ್ಲವೂ ಗಂಟೆ ಎಷ್ಟೇ ಆಗಿರಲಿ 5 ವರ್ಷಕ್ಕೊಮ್ಮೆ ಬದಲಾಗಬೇಕು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದರೆ ಆ ದಿನಾಂಕವನ್ನು ಲಾಗ್ ಪುಸ್ತಕದಲ್ಲಿ ಮೊದಲು ಹುಡುಕಿ. ಬರೆದಿಲ್ಲದಿದ್ದರೆ ಬದಲಾಗಿಲ್ಲ ಎಂದೇ ಲೆಕ್ಕ ಹಾಕಿ.